ಬಾಯಿಗೆ ಬೀಗ, ಬರಹಕ್ಕೆ ಬಾತುಕೋಳಿ

"ಏಳೇ ಏಳು ದಿನ ತಾನೇ? ಬಾಯಿ ತೆರೆಯದೆ ಸಂಸಾರ ನಡೆಸಿ ತೋರಿಸ್ತೀನಿ, ನೋಡ್ತಾ ಇರಿ!"

ಈ ಘೋರ ಪ್ರತಿಜ್ಞೆಯನ್ನು ನಾನು ಮಾಡಿದ್ದು ದವಡೆಯ ಆಪರೇಷನ್ನಿನ ಹಿಂದಿನ ದಿನ, ಬಾಯಿ ಇನ್ನೂ ನನ್ನ ಸ್ವಾಧೀನದಲ್ಲಿದ್ದಾಗ. ಕೇಳಿಸಿಕೊಂಡವರು ಮೂವರು. ಫೋನಿನ ಸ್ಪೀಕರಿನ ಆ ಕಡೆ ಅತ್ತೆ, ಈ ಕಡೆ ಗಂಡ, ಮೇಜಿನ ಕೆಳಗೆ ಬಣ್ಣದ ಪೆನ್ಸಿಲ್ ಹುಡುಕುತ್ತಿದ್ದ ನಾಲ್ಕೂವರೆ ವರ್ಷದ ಮಗಳು ಗಿಣಿ.

ಅತ್ತೆ ಆಸ್ಪತ್ರೆಯ ವಾರ್ಡಿನಲ್ಲಿ ಮೂವತ್ತು ವರ್ಷ ಹಿರಿಯ ನರ್ಸ್ ಆಗಿದ್ದು ನಿವೃತ್ತರಾದವರು. ಇರುವುದು ಎರಡು ಗಂಟೆಯ ದಾರಿಯ ಊರಿನಲ್ಲಿ. "ಚೀಲ ತುಂಬಿಟ್ಟಿದೀನಿ, ಬರ್ಲಾ?" ಎಂದು ಕೇಳಿದ್ದರು. ಬೇಡ ಎಂದೆ. ಯಾಕೆ ಬೇಡ ಎಂದರೆ, ಹೋದ ಸಲ ಅವರು ಬಂದು ಹೋದ ಮೇಲೆ ಸಕ್ಕರೆ ಡಬ್ಬಿ ಹುಡುಕಲು ನನಗೆ ಒಂಬತ್ತು ದಿನ ಹಿಡಿದಿತ್ತು. ನನ್ನ ಅಡುಗೆಮನೆ ನನ್ನ ರಾಜ್ಯ, ಡಬ್ಬಿಗಳು ನನ್ನ ಸೈನ್ಯ. ಇನ್ನೊಬ್ಬ ಸೇನಾಪತಿ ಬಂದು ಕವಾಯತು ಮಾಡಿಸುವುದು ನನಗೆ ಸೇರದು!

"ನೋಡಮ್ಮ," ಎಂದರು ಅತ್ತೆ, "ಮೂರು ದಿನ ಕೊಡ್ತೀನಿ. ಮೂರನೇ ದಿನ ನೀನೇ ಕರೀತೀಯ."

"ಕರೆಯೋಕೆ ಬಾಯೇ ಇರಲ್ವಲ್ಲ ಅತ್ತೆ!"

"ಬರೆದು ಕಳಿಸು. ಬರ್ತೀನಿ."

"ಏಳನೇ ದಿನ ಅತಿಥಿಯಾಗಿ ಬನ್ನಿ ಅತ್ತೆ. ಕುರ್ಚಿ ಹಾಕಿ ಕೂರಿಸಿ ನಾನೇ ಬಡಿಸ್ತೀನಿ."

ಅತ್ತೆ ನಕ್ಕರು. ಮೂವತ್ತು ವರ್ಷ ರೋಗಿಗಳ ಪೌರುಷ ಕೇಳಿದವರ ನಗು ಅದು. ನನಗೆ ಇನ್ನಷ್ಟು ಹಟ ಬಂತು.

ನನ್ನ ಕೆಳದವಡೆ ಹುಟ್ಟಿನಿಂದಲೇ ಮುಂದಾಳು. ಇಪ್ಪತ್ತೊಂಬತ್ತು ವರ್ಷವಾದರೂ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸರಿಯಾದ ಮುಖಪರಿಚಯವೇ ಆಗಿರಲಿಲ್ಲ. ಡಾಕ್ಟರು ಆ ದವಡೆಯನ್ನು ಕತ್ತರಿಸಿ, ಒಂಚೂರು ಹಿಂದಕ್ಕೆ ತಳ್ಳಿ, ಸ್ಕ್ರೂ ಹಾಕಿ ಬಿಗಿದು, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಪುಟಾಣಿ ರಬ್ಬರ್ ಸುತ್ತಿ ಎರಡನ್ನೂ ಕಟ್ಟಿಹಾಕಿದರು. ಆಸ್ಪತ್ರೆಯಿಂದ ಬಿಡುವಾಗ ಅವರು ಹೇಳಿದ್ದು ಇಷ್ಟು: "ಏಳು ದಿನ ಮಾತಿಲ್ಲ, ಕೂಗಿಲ್ಲ, ಆಕಳಿಕೆ ಇಲ್ಲ, ಬಾಯಿ ಬಿಟ್ಟು ನಗೋದಂತೂ ಇಲ್ಲವೇ ಇಲ್ಲ. ರಬ್ಬರ್ ಕಿತ್ತು ಬಂದರೆ ಮತ್ತೆ ಒಂದರಿಂದ ಎಣಿಸಬೇಕಾಗುತ್ತೆ. ದವಡೆ ಜರುಗಿದರೆ, ಮತ್ತೆ ನನ್ನ ಆಪರೇಷನ್ ಮೇಜಿನ ಮೇಲೇ ಭೇಟಿ."

ಈಗ ನನ್ನ ಉದ್ಯೋಗ ಹೇಳಿದರೆ ನಿಮಗೆ ಪರಿಸ್ಥಿತಿಯ ಗಾಂಭೀರ್ಯ ತಿಳಿದೀತು. ನಾನು ಬಸ್ ನಿಲ್ದಾಣದ ಮೈಕಿನವಳು! "ಪ್ರಯಾಣಿಕರ ಗಮನಕ್ಕೆ" ಎಂದು ದಿನಕ್ಕೆ ನೂರೆಂಬತ್ತು ಸಲ ಹೇಳುವವಳು. ನಾನು ಹೇಳದೆ ಬಸ್ಸು ಹೊರಡುವುದಿಲ್ಲ, ಹೊರಟರೂ ಅದಕ್ಕೆ ಮರ್ಯಾದೆ ಇರುವುದಿಲ್ಲ. ಬಾಯಿದ್ದವಳು ಬರಗಾಲದಲ್ಲೂ ಬದುಕಿದಳು ಅಂತಾರಲ್ಲ, ಆ ಬಾಯಿ ನಾನೇ. ಅಂಥ ಬಾಯಿಗೆ ಬೀಗ!

ಆದರೆ ನನ್ನಲ್ಲೊಂದು ಅಸ್ತ್ರವಿತ್ತು. ನೋಟ್‌ಬುಕ್ಕು.

ನಾನು ಹೈಸ್ಕೂಲಿನಿಂದ ಡೈರಿ ಬರೆಯುವವಳು. ಈ ಏಳು ದಿನಕ್ಕೆಂದೇ ಕೆಂಪು ರಟ್ಟಿನ ದಪ್ಪ ನೋಟ್‌ಬುಕ್ಕು ತಂದಿದ್ದೆ. ಮುಂದಿನಿಂದ ಮನೆಯವರಿಗೆ ಆಜ್ಞೆಗಳು. ಪುಸ್ತಕ ಮಗುಚಿ ಹಿಂದಿನಿಂದ ನನ್ನ ಖಾಸಗಿ ಡೈರಿ. ಎರಡು ರಟ್ಟೂ ಒಂದೇ ಥರ ಇದ್ದುದರಿಂದ ಗುರುತಿಗೆ ಮುಂದಿನ ರಟ್ಟಿನ ಮೇಲೆ ಗಿಣಿಯ ಸ್ಟಿಕ್ಕರ್ ಹಾಳೆಯಿಂದ ಒಂದು ಹಳದಿ ಬಾತುಕೋಳಿ ಅಂಟಿಸಿದೆ. ಗಂಡನಿಗೆ ಬರೆದು ತೋರಿಸಿದೆ: "ಬಾತುಕೋಳಿ ಇರುವ ಕಡೆ ಓದಿ. ಬರೆದಿದ್ದನ್ನು ಮಾಡಿ."

"ಅಷ್ಟೇ ತಾನೇ?" ಎಂದರು.

ಅಷ್ಟೇ ಅಲ್ಲ, ಓದುಗರೇ. ನಮ್ಮವರು ಪೈಪ್ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಚೀಟಿ ಇಲ್ಲದೆ ಬಂದರೆ ಮ್ಯಾನೇಜರಿಗೂ ಒಂದು ಮೊಳೆ ಕೊಡುವುದಿಲ್ಲ. ಚೀಟಿ ತಂದರೆ ಇಡೀ ಸ್ಟೋರನ್ನೇ ಹೊತ್ತು ಕೊಡುತ್ತಾರೆ, ಯಾಕೆ ಏನು ಎಂದು ಕೇಳುವುದಿಲ್ಲ. ಕೊಟ್ಟ ಮೇಲೆ ಹಸಿರು ಪೆನ್ನಿನಲ್ಲಿ ಒಂದು ಟಿಕ್ಕು, ಪಕ್ಕದಲ್ಲಿ "ಪೂರೈಸಿದೆ", ಕೆಳಗೊಂದು ಪುಟ್ಟ ಸಹಿ. ಹದಿಮೂರು ವರ್ಷದ ಅಭ್ಯಾಸ. ಏಳು ದಿನ ರಜೆ ಹಾಕಿ ಮನೆಯಲ್ಲಿ ಕೂತಾಗಲೂ ಆ ಹಸಿರು ಪೆನ್ನು ಜೇಬಿನಲ್ಲೇ ಇತ್ತು.

ಮೊದಲ ದಿನ ನಾನು ಬರೆದದ್ದು: "ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ."

ಅರ್ಧ ಗಂಟೆಯಲ್ಲಿ ನಲ್ಲಿ ನಿಂತಿತು! ಟಿಕ್ಕು. ಪೂರೈಸಿದೆ.

ನಾನು ದಂಗಾದೆ. ಈ ನಲ್ಲಿಯ ವಿಷಯ ಹತ್ತು ತಿಂಗಳಿಂದ ಬಾಯಲ್ಲಿ ಹೇಳುತ್ತಿದ್ದೆ. ನಾನು ಹೇಳುವುದು, ಅವರು "ಹೂಂ" ಅನ್ನುವುದು, ನಲ್ಲಿ ತೊಟ್ಟಿಕ್ಕುವುದು, ಮೂರೂ ಸಂಸಾರದ ಸಂಗೀತ ಎಂದುಕೊಂಡಿದ್ದೆ. ಹುರುಪು ಬಂತು, ಮುಂದುವರಿಸಿದೆ. "ಬಾಲ್ಕನಿ ಬಾಗಿಲು ಕಿರುಗುಟ್ಟುತ್ತದೆ." ಟಿಕ್ಕು! "ಬಚ್ಚಲಿನ ಬಲ್ಬು." ಟಿಕ್ಕು! "ಮಂಚದ ಕೆಳಗಿರುವ ನಿಮ್ಮ ಹಳೇ ಬೂಟು." ಅದು ಕೂಡ ಹೋಯಿತು! ಆರು ವರ್ಷ ಗಂಟಲು ಹರಿದುಕೊಂಡಿದ್ದೆಲ್ಲ ದಂಡ. ಈ ಮನುಷ್ಯನಿಗೆ ಕಿವಿಯಿಂದ ದಾರಿ ಇಲ್ಲ, ಕಣ್ಣಿಂದ ಹೆದ್ದಾರಿ ಇದೆ!

ಮುಖ ಕುಂಬಳಕಾಯಿಯ ಗಾತ್ರಕ್ಕೆ ಊದಿಕೊಂಡಿತ್ತು. ಎರಡು ಕೆನ್ನೆಗೆ ಫ್ರೀಜರಿನಲ್ಲಿಟ್ಟು ಗಟ್ಟಿಯಾದ ಬಟಾಣಿಯ ಎರಡು ಪ್ಯಾಕೆಟ್ಟು, ಅವು ಜಾರದಂತೆ ತಲೆಗೆ ಕಟ್ಟಿದ ದುಪಟ್ಟಾ, ಬೆನ್ನಿಗೆ ನಾಲ್ಕು ದಿಂಬು. ಒರಗಿ ಕೂತು, ಕೈಯಲ್ಲಿ ಪೆನ್ನು ಹಿಡಿದು ರಾಜ್ಯಭಾರ ನಡೆಸಿದೆ. ಯಾವ ಮಹಾರಾಣಿಗೂ ಬಟಾಣಿಯ ಕಿರೀಟ ಇಷ್ಟು ಒಪ್ಪಿರಲಿಕ್ಕಿಲ್ಲ.

ಎರಡನೇ ದಿನ ಗಿಣಿ ಮಂತ್ರಿ ಪದವಿಗೇರಿದಳು.

ಅವಳಿಗೆ ಊಟ ಮಾಡಿಸುವುದು ನಾನು ಮೈಕಿನ ಧಾಟಿಯಲ್ಲಿ. ತುತ್ತು ಬಸ್ಸು, ಬಾಯಿ ನಿಲ್ದಾಣ. ಈಗ ನನಗೆ ಊಟವೆಂದರೆ ಸೂಜಿ ಇಲ್ಲದ ಸಿರಿಂಜಿನ ತುದಿಗೆ ಪುಟ್ಟ ಕೊಳವೆ ಸಿಕ್ಕಿಸಿ, ಕೆನ್ನೆಯ ಸಂದಿಯಿಂದ ಒಳಗೆ ಬಿಡುವ ನೀರುನೀರಾದ ಸೂಪು. ಗಿಣಿ ಎದುರು ಸ್ಟೂಲು ಹಾಕಿಕೊಂಡು ನಿಂತು, ಸೊಂಟಕ್ಕೆ ಕೈಯಿಟ್ಟು ಘೋಷಿಸಿದಳು:

"ಪ್ರಯಾಣಿಕರ ಗಮನಕ್ಕೆ! ಸೂಪಿನ ಬಸ್ಸು ಪ್ಲಾಟ್‌ಫಾರಂ ಒಂದಕ್ಕೆ ಬರ್ತಾ ಇದೆ. ಅಮ್ಮ, ಬಾಯಿ... ಅಯ್ಯೋ, ಬಾಯಿ ತೆಗೆಯೋ ಹಾಗಿಲ್ಲ. ಬಸ್ಸು ಸಂದಿಯಿಂದ ಬರುತ್ತೆ, ಎಲ್ಲರೂ ಜರುಗಿ!"

ನಗಬಾರದು, ನಗಬಾರದು ಎಂದು ತೊಡೆ ಚಿವುಟಿಕೊಂಡೆ. ಕಣ್ಣಲ್ಲಿ ನೀರು ಬಂತು.

"ಅಪ್ಪಾ, ಬಸ್ಸು ಸೋರ್ತಿದೆ!" ಎಂದು ಕೂಗಿ ನನ್ನ ಗದ್ದ ಒರೆಸಿದಳು. ಅವಳು ಒರೆಸಿದ್ದು ನನಗೆ ಗೊತ್ತೇ ಆಗಲಿಲ್ಲ. ಗದ್ದ, ಕೆಳತುಟಿ ಎರಡೂ ಮರದ ತುಂಡಿನ ಹಾಗೆ ಮರಗಟ್ಟಿದ್ದವು. ಆಪರೇಷನ್ ಆದ ಮೇಲೆ ಡಾಕ್ಟರು ಹೇಳಿದ್ದರು, ಸ್ವಲ್ಪ ದಿನ ಹಾಗಿರುತ್ತದೆ ಎಂದು. ಸ್ವಲ್ಪ ಎಂದರೆ ಎಷ್ಟು ಎಂದು ಕೇಳಲು ಆಗ ಬಾಯಿ ಇರಲಿಲ್ಲ.

ಮಂತ್ರಿಗೆ ಅಧಿಕಾರ ಸಿಕ್ಕರೆ ಕೇಳಬೇಕೆ? ನಾನು "ಮ್ಮ್" ಅಂದರೆ ಸಾಕು, ಅವಳು ಅದಕ್ಕೆ ಭಾಷಾಂತರ ಕೊಡತೊಡಗಿದಳು.

"ಮ್ಮ್ಮ್," ಎಂದೆ, ಆಟದ ಸಾಮಾನು ಎತ್ತಿಡು ಎನ್ನುವ ಅರ್ಥದಲ್ಲಿ.

"ಅಪ್ಪಾ, ಅಮ್ಮ ನಂಗೆ ಇನ್ನೊಂದು ಬಿಸ್ಕತ್ತು ಕೊಡ್ಬೇಕಂತೆ."

"ಮ್ಮ್ಮ್ಮ್!" ಎಂದು ಕಣ್ಣು ಬಿಟ್ಟೆ.

"ಎರಡಂತೆ!"

ಸದ್ಯ, ನಮ್ಮವರು ಕಣ್ಣೆತ್ತದೆ ಹೇಳಿದರು, "ಚೀಟಿ ತಗೊಂಡು ಬಾ." ಆ ಕ್ಷಣ ಅವರ ಮೇಲೆ ನನಗೆ ಉಕ್ಕಿದ ಪ್ರೀತಿ ಮದುವೆಯ ದಿನವೂ ಉಕ್ಕಿರಲಿಲ್ಲ.

ಅಂದು ಮಧ್ಯಾಹ್ನ ಅತ್ತೆಯ ಫೋನು ಬಂತು. ಗಿಣಿಯೇ ಎತ್ತಿದಳು. "ಅಜ್ಜೀ, ಅಮ್ಮನ ಮುಖ ಚೆಂಡಿನ ಹಾಗಾಗಿದೆ. ಇಲ್ಲ, ಅಳ್ತಿಲ್ಲ. ಬರೀ ಬರೀತಾಳೆ." ನಾನು ನೋಟ್‌ಬುಕ್ಕಿನಲ್ಲಿ ದಪ್ಪಗೆ ಬರೆದು ಗಂಡನ ಮುಖಕ್ಕೆ ಹಿಡಿದೆ. ಅವರು ಫೋನು ತೆಗೆದುಕೊಂಡು ಓದಿದರು: "ಅಮ್ಮ, ಇಲ್ಲಿ ಎಲ್ಲ ಸುಸೂತ್ರ. ಯಾರೂ ಬರುವ ಅಗತ್ಯವಿಲ್ಲ. ಅಡಿಗೆರೆ."

"ಅಡಿಗೆರೆ ಅಂದ್ರೇನೋ?"

"ಅಗತ್ಯವಿಲ್ಲ ಅನ್ನೋದರ ಕೆಳಗೆ ಎರಡು ಗೆರೆ ಎಳೆದಿದಾಳಮ್ಮ."

ಅತ್ತೆ ಮತ್ತೆ ಅದೇ ವಾರ್ಡಿನ ನಗು ನಕ್ಕರು. "ನಾಳೆ ಮೂರನೇ ದಿನ, ಅಲ್ವಾ?"

ಬಂತು ಮೂರನೇ ದಿನ.

ಊತಕ್ಕೆ ಮೂರನೇ ದಿನವೇ ಜಾತ್ರೆ ಎಂದು ಆಮೇಲೆ ತಿಳಿಯಿತು. ಕಣ್ಣು ಗೆರೆಯಾದವು. ಬಟಾಣಿ ಕರಗಿ ಕತ್ತಿನೊಳಗೆ ನೀರು ಇಳಿಯಿತು. ಸೂಪಿಗೆಂದು ನಮ್ಮವರು ಮನೆಯಲ್ಲಿದ್ದ ಸೊಪ್ಪನ್ನೆಲ್ಲ ಮಿಕ್ಸಿಗೆ ಹಾಕಿ ಗರ್‍ರ್ ಎನ್ನಿಸಿದರು. ಸದ್ದು ಕಿವಿಯಿಂದ ಹೊರಟು ದವಡೆಯ ಒಂದೊಂದು ಸ್ಕ್ರೂವನ್ನೂ ಮಾತಾಡಿಸಿ ಬಂತು. ಅದೇ ಹೊತ್ತಿಗೆ ಮೇಲಿನ ಮನೆಯ ತುತ್ತೂರಿಯವರು ಅಭ್ಯಾಸ ಶುರುಮಾಡಿದರು. ಅವರು ಬ್ಯಾಂಡಿನಲ್ಲಿ ತುತ್ತೂರಿ ಊದುವ ಸಾಧು ಮನುಷ್ಯ, ಮೆಟ್ಟಿಲಲ್ಲಿ ಸಿಕ್ಕರೆ ಗಿಣಿಯ ಕೆನ್ನೆ ತಟ್ಟುತ್ತಾರೆ. ಆದರೂ ಅಂದು ಅವರ ಒಂದೊಂದು ಪಲುಕೂ ನನ್ನ ಗದ್ದಕ್ಕೆ ಗುರಿಯಿಟ್ಟ ಹಾಗಿತ್ತು.

ಗಂಡ ಅಪ್ಪಟ ಹಸಿರು ಸೂಪನ್ನು ಪಕ್ಕದಲ್ಲಿಟ್ಟು ಬಟ್ಟೆ ಒಣಹಾಕಲು ಹೋದರು. ನಾನು ನೋಟ್‌ಬುಕ್ಕನ್ನು ಮಗುಚಿ ಹಿಂದಿನಿಂದ ತೆರೆದೆ. ಅಲ್ಲಿ ನಾನು ಮಹಾರಾಣಿಯಲ್ಲ. ಬರೆದೆ:

"ಮೂರನೇ ದಿನ. ಈ ಮಿಕ್ಸಿಯ ಸದ್ದು ಕೇಳಿದರೆ ಮೈ ಉರಿಯುತ್ತದೆ. ಯಾರಿಗಾದರೂ ಕೊಟ್ಟು ಕೈ ತೊಳೆದುಕೊಳ್ಳಬೇಕು.
ಈ ಸೂಪನ್ನು ತಗೊಂಡು ಹೋಗಿ ಹೂಕುಂಡಕ್ಕೆ ಸುರಿಯಬೇಕು.
ಮೇಲಿನ ಮನೆಯವರಿಗೆ ಹೋಗಿ ಹೇಳಬೇಕು, ನಿಮ್ಮ ಬಾಯಿಗೂ ಒಂದು ರಬ್ಬರ್ ಹಾಕಿಸಿಕೊಳ್ಳಿ ಅಂತ.
ಗದ್ದಕ್ಕೆ ಇನ್ನೂ ಜೀವ ಬಂದಿಲ್ಲ. ಮತ್ತೆ ಮೈಕಿನ ಮುಂದೆ ಮೊದಲಿನ ಹಾಗೆ ಮಾತಾಡುತ್ತೇನೋ ಇಲ್ಲವೋ. ಅತ್ತೆ ಇದ್ದಿದ್ದರೆ ಕೇಳಬಹುದಿತ್ತು. ಡಬ್ಬಿ ಎಲ್ಲಿ ಬೇಕಾದರೂ ಇಟ್ಟುಕೊಳ್ಳಲಿ. ಒಣಜಂಭಕ್ಕೆ ಬೇಡ ಅಂದೆ. ಅತ್ತೆ, ಬಂದುಬಿಡಿ. ನನಗೆ ಹೆದರಿಕೆಯಾಗ್ತಿದೆ."

ಬರೆದ ಮೇಲೆ ಎದೆ ಹಗುರಾಯಿತು. ಪುಸ್ತಕ ಮುಚ್ಚಿ, ಬಾತುಕೋಳಿ ಮೇಲೆ ಬರುವಂತೆ ಮೇಜಿನ ಮೇಲಿಟ್ಟು, ನೋವಿನ ಮಾತ್ರೆಯ ಪುಡಿ ಕುಡಿದು ಮಲಗಿದೆ.

ನಾನು ಮಲಗಿದಾಗ ಆಗಿದ್ದು ಇಷ್ಟು. ಗಿಣಿ ಬಂದಳು. ನೋಟ್‌ಬುಕ್ಕು ನೋಡಿದಳು. ತಿರುಗಿಸಿದಳು. ಒಂದು ಕಡೆ ಬಾತುಕೋಳಿ ಇದೆ, ಇನ್ನೊಂದು ಕಡೆ ಪಾಪ ಏನೂ ಇಲ್ಲ! ಅನ್ಯಾಯ ಸಹಿಸದ ಮಗು. ತನ್ನ ಹಾಳೆಯಿಂದ ಇನ್ನೊಂದು ಹಳದಿ ಬಾತುಕೋಳಿ ಕಿತ್ತು ಆ ಕಡೆಗೂ ಅಂಟಿಸಿ, ಅದನ್ನೇ ಮೇಲಾಗಿ ಇಟ್ಟುಹೋದಳು. ಅಷ್ಟರಲ್ಲಿ ಹಸಿರು ಪೆನ್ನಿನ ಮಹಾಶಯರು ಬಟ್ಟೆ ಒಣಹಾಕಿ, ಕೈ ಒರೆಸಿಕೊಳ್ಳುತ್ತ, ಮುಂದಿನ ಆಜ್ಞೆ ನೋಡಲು ಬಂದರು.

ನಾನು ಎದ್ದಾಗ ನಾಲ್ಕೂಕಾಲು. ಮನೆ ವಿಚಿತ್ರವಾಗಿ ನಿಶ್ಶಬ್ದವಾಗಿತ್ತು. ತುತ್ತೂರಿ ಇಲ್ಲ, ಮಿಕ್ಸಿ ಇಲ್ಲ. ಮಿಕ್ಸಿಯ ಸದ್ದು ಮಾತ್ರವಲ್ಲ, ಮಿಕ್ಸಿಯೇ ಇಲ್ಲ! ಬಾಲ್ಕನಿಯ ಗುಲಾಬಿ ಕುಂಡ ಮೊಣಕಾಲುದ್ದ ಹಸಿರು ಕೆಸರಿನಲ್ಲಿ ನಿಂತಿತ್ತು. ಗಂಡ ಕುರ್ಚಿಯಲ್ಲಿ ಕಾಲು ಚಾಚಿ, ಎಲ್ಲ ಕೆಲಸ ಮುಗಿಸಿದ ಮನುಷ್ಯನ ಮುಖ ಮಾಡಿಕೊಂಡು ಕೂತಿದ್ದರು.

ನೋಟ್‌ಬುಕ್ಕು ಎಳೆದುಕೊಂಡೆ. ನನ್ನ ಖಾಸಗಿ ಪುಟದ ಅಂಚಿನ ತುಂಬ ಹಸಿರು ಟಿಕ್ಕು!

"ಮಿಕ್ಸಿ: ಕೆಳಗಿನ ಮನೆಯವರಿಗೆ ಕೊಟ್ಟೆ. ಕೈ ತೊಳೆದುಕೊಂಡೆ, ಸೋಪು ಹಾಕಿ. ಪೂರೈಸಿದೆ.
ಸೂಪು: ಕುಂಡಕ್ಕೆ ಸುರಿದೆ. ಪೂರೈಸಿದೆ.
ಮೇಲಿನ ಮನೆ: ತಿಳಿಸಿದೆ. ಅವರು ತುತ್ತೂರಿ ಕೆಳಗಿಟ್ಟರು. ಪೂರೈಸಿದೆ.
ಅಮ್ಮ: ಫೋನ್ ಮಾಡಿದೆ. ಮೂರು ಗಂಟೆ ಬಸ್ಸಿಗೆ ಹೊರಟಿದ್ದಾರೆ. ಪೂರೈಸಿದೆ."

"ಮ್ಮ್ಮ್ಮ್ಮ್ಮ್!" ಎಂದೆ.

"ಅಪ್ಪಾ, ಅಮ್ಮ ಥ್ಯಾಂಕ್ಸ್ ಅಂತಿದಾಳೆ," ಎಂದಳು ಗಿಣಿ.

ದಪ್ಪಗೆ ಬರೆದೆ: "ಇದು ನನ್ನ ಡೈರಿ!!!"

"ಬಾತುಕೋಳಿ ಇತ್ತಲ್ಲ?" ಎಂದರು.

ಪುಸ್ತಕ ತಿರುಗಿಸಿದೆ. ಬಾತುಕೋಳಿ. ಮತ್ತೆ ತಿರುಗಿಸಿದೆ. ಬಾತುಕೋಳಿ. ಗಿಣಿ ಹೆಮ್ಮೆಯಿಂದ ಹೇಳಿದಳು, "ಜೋಡಿ!"

"ಗಿಡಕ್ಕೆ ಸೂಪು ಯಾಕೆ ಅಂತ ನನಗೂ ಒಂದು ನಿಮಿಷ ಅನ್ನಿಸ್ತು," ಎಂದರು ನಮ್ಮವರು. "ಗೊಬ್ಬರ ಇರಬೇಕು ಅಂದ್ಕೊಂಡೆ. ಅಕ್ಷರ ನಿನ್ನದು, ಬಾತುಕೋಳಿ ನಿನ್ನದು. ಸ್ಟೋರಿನವನು ಚೀಟಿಯ ಮೇಲೆ ಪ್ರಶ್ನೆ ಕೇಳಲ್ಲ."

ನನಗೆ ಮಿಕ್ಸಿಯ ಚಿಂತೆ ಇರಲಿಲ್ಲ, ಗುಲಾಬಿಯ ಚಿಂತೆಯೂ ಇರಲಿಲ್ಲ. ಮೂರನೇ ದಿನ! ಅತ್ತೆ ಹೇಳಿದ ಮೂರನೇ ದಿನ! ಬರೆದು ಕರೆದೆ, ಅವರು ಹೊರಟೂ ಬಿಟ್ಟರು. ಇನ್ನು ಜೀವನವಿಡೀ ಸಕ್ಕರೆ ಡಬ್ಬಿಯ ಮೇಲೆ ನನಗೆ ಯಾವ ಹಕ್ಕು? ಬರೆದೆ: "ಅವರಿಗೆ ಏನಂತ ಹೇಳಿದಿರಿ?"

"ಬರಬೇಕಂತೆ ಅಂದೆ. ಬರೆದಿದಾಳಾ ಅಂತ ಕೇಳಿದ್ರು. ಬರೆದಿದಾಳೆ ಅಂದೆ."

ಅಂದರೆ ಪುಟದ ಒಳಗೇನಿದೆ ಎಂದು ಅತ್ತೆಗೆ ಗೊತ್ತಿಲ್ಲ! ಇನ್ನೂ ಮಾನ ಉಳಿಸಿಕೊಳ್ಳಲು ಒಂದು ಸಂದಿ ಇತ್ತು, ಸೂಪು ಹೋಗುವಷ್ಟೇ ಸಂದಿ. ಅವರು ನಮ್ಮ ಮನೆಯ ಮೆಟ್ಟಿಲು ಹತ್ತುವ ಮೊದಲೇ ಬಸ್ ನಿಲ್ದಾಣದಲ್ಲೇ ಹಿಡಿದು, ಕರೆದದ್ದು ಮಗನ ತಪ್ಪಿನಿಂದ, ನೀವು ಬಂದಿರುವುದು ಅತಿಥಿಯಾಗಿ ಎಂದು ಬರಹದಲ್ಲಿ ಕೊಟ್ಟುಬಿಡಬೇಕು. ಅವರು ಫೋನನ್ನು ಪರ್ಸಿನಲ್ಲಿ, ಪರ್ಸನ್ನು ಚೀಲದಲ್ಲಿ, ಚೀಲವನ್ನು ಸೀಟಿನ ಕೆಳಗೆ ಇಡುವವರು. ಫೋನು ಹಚ್ಚಿ ಪ್ರಯೋಜನವಿಲ್ಲ. ಬಸ್ಸು ಬರುವುದು ಐದಕ್ಕೆ, ಪ್ಲಾಟ್‌ಫಾರಂ ನಾಲ್ಕು. ಇದನ್ನು ನನಗೆ ಯಾರೂ ಹೇಳಬೇಕಾಗಿಲ್ಲ!

"ಹೊರಗೆ ಓಡಾಡಬಾರದು ಅಂತ ಡಾಕ್ಟರು..." ಎಂದು ನಮ್ಮವರು ಶುರುಮಾಡಿದರು.

ಬರೆದೆ: "ಆಟೋ ಕರೆಯಿರಿ."

"ಚೀಟಿ ಇದ್ದ ಮೇಲೆ ಸರಿ," ಎಂದು ಎದ್ದರು.

ದುಪಟ್ಟಾದಲ್ಲಿ ಮುಖ ಮುಚ್ಚಿ, ಒಂದು ಕೈಯಲ್ಲಿ ಗಿಣಿ, ಇನ್ನೊಂದು ಕೈಯಲ್ಲಿ ನೋಟ್‌ಬುಕ್ಕು ಹಿಡಿದು, ನಮ್ಮವರ ಜೊತೆ ನಿಲ್ದಾಣ ತಲುಪಿದಾಗ ನಾಲ್ಕನೇ ಪ್ಲಾಟ್‌ಫಾರಂ ಮೇಲೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಬಸ್ಸು ಆಗಲೇ ಬಂದು ನಿಂತಿತ್ತು. ಅತ್ತೆ ಯಾವ ಗೇಟಿನಿಂದ ಹೊರಟುಬಿಡುತ್ತಾರೋ! ಹುಡುಕಿ ಹಿಡಿಯಲು ಒಂದೇ ದಾರಿ, ನನ್ನ ಮೈಕು.

ವಿಚಾರಣೆ ಕಿಟಕಿಯ ಗಾಜಿನ ಹಿಂದೆ ನನ್ನ ಕುರ್ಚಿಯಲ್ಲಿ ಬದಲಿಯವನು ಕೂತಿದ್ದ. ಕೆಲಸಕ್ಕೆ ಸೇರಿ ತಿಂಗಳಾಗಿಲ್ಲ. ಕೊಟ್ಟ ಕಾಗದವನ್ನು ಕೊಟ್ಟ ಹಾಗೆ ಓದುತ್ತಾನೆ, ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ, ನಿಲ್ಲಬಾರದ ಕಡೆ ಉಸಿರೆಳೆಯುತ್ತಾನೆ.

"ಅಕ್ಕಾ! ನೀವಾ! ಮುಖ ಏನಕ್ಕಾ ಹೀಗೆ..."

ಮಾತಿಗೆ ಸಮಯವಿರಲಿಲ್ಲ. ಆಜ್ಞೆಗಳ ಕಡೆಯಿಂದ ತೆರೆದು ಬರೆದೆ: "ಈಗ ಬಂದ ಬಸ್ಸಿನಿಂದ ಇಳಿದ, ಗಿಣಿಯ ಅಜ್ಜಿಯವರು ವಿಚಾರಣೆ ಕಿಟಕಿಯ ಹತ್ತಿರ ಬರಬೇಕು." ಪುಸ್ತಕ ಮುಚ್ಚಿ ಕಿಟಕಿಯ ಕಂಡಿಯಿಂದ ಒಳಗೆ ತಳ್ಳಿ, ಮೈಕಿನ ಕಡೆ ಬೆರಳು ತೋರಿಸಿದೆ.

ಪುಸ್ತಕ ಮುಚ್ಚಿದೆ! ಓದುಗರೇ, ಮುಚ್ಚಬಾರದಿತ್ತು!

ಅವನು ಡೈರಿಯ ಕಡೆಯ ಬಾತುಕೋಳಿ ನೋಡಿ ಮುಗುಳ್ನಕ್ಕ. ತೆರೆದ. ಗಂಟಲು ಸರಿಮಾಡಿಕೊಂಡ.

"ಪ್ರಯಾಣಿಕರ ಗಮನಕ್ಕೆ. ಮೂರನೇ ದಿನ. ಈ ಮಿಕ್ಸಿಯ ಸದ್ದು ಕೇಳಿದರೆ ಮೈ ಉರಿಯುತ್ತದೆ. ಯಾರಿಗಾದರೂ ಕೊಟ್ಟು ಕೈ ತೊಳೆದುಕೊಳ್ಳಬೇಕು. ಸೋಪು ಹಾಕಿ. ಪೂರೈಸಿದೆ."

ನಿಲ್ದಾಣದ ಇಪ್ಪತ್ತೆರಡು ಸ್ಪೀಕರುಗಳೂ ಒಕ್ಕೊರಲಿನಿಂದ ಹೇಳಿದವು. ನಾನೇ ದೂರು ಕೊಟ್ಟು ಕೊಟ್ಟು ಕಳೆದ ತಿಂಗಳು ರಿಪೇರಿ ಮಾಡಿಸಿದ ಸ್ಪೀಕರುಗಳು! ಒಂದಾದರೂ ಕೆಟ್ಟಿರಬಾರದಿತ್ತೇ!

"ಅಮ್ಮಾ, ನಮ್ಮ ಮಿಕ್ಸಿ ಮೈಕಲ್ಲಿ ಬರ್ತಿದೆ!" ಗಿಣಿ ಕುಣಿದಳು.

ನಾನು ಗಾಜು ಬಡಿದೆ. ಕೈ ಬೀಸಿದೆ. "ಮ್ಮ್! ಮ್ಮ್ಮ್ಮ್!" ಎಂದೆ. ನಿಲ್ಲಿಸೋ ಎನ್ನುವ ಒಂದೇ ಒಂದು ಪದ ಹಲ್ಲುಗಳ ಹಿಂದೆ ಬಂದು ಒದೆಯುತ್ತಿತ್ತು. ಬಾಯಿ ಬಿಟ್ಟರೆ ಮಾನ ಉಳಿಯುತ್ತದೆ, ದವಡೆ ಹೋಗುತ್ತದೆ. ಬಿಡದಿದ್ದರೆ ದವಡೆ ಉಳಿಯುತ್ತದೆ, ಮಾನ ಹೋಗುತ್ತದೆ. ಎರಡು ಕೈಯಿಂದ ಗದ್ದ ಹಿಡಿದುಕೊಂಡೆ.

ಅವನು ನನ್ನನ್ನು ನೋಡಿ, ಮೈಕಿಗೆ ಕೈ ಅಡ್ಡ ಹಿಡಿದು, "ಸೌಂಡ್ ಜಾಸ್ತಿ ಮಾಡ್ಲಾ ಅಕ್ಕ?" ಎಂದ. ಮಾಡಿದ!

"...ಒಣಜಂಭಕ್ಕೆ ಬೇಡ ಅಂದೆ. ಅತ್ತೆ, ಬಂದುಬಿಡಿ. ನನಗೆ ಹೆದರಿಕೆಯಾಗ್ತಿದೆ. ಮೂರು ಗಂಟೆ ಬಸ್ಸಿಗೆ ಹೊರಟಿದ್ದಾರೆ. ಪೂರೈಸಿದೆ."

ಒಬ್ಬ ಡ್ರೈವರು ಇಂಜಿನ್ ಆರಿಸಿದ. ಟೀ ಅಂಗಡಿಯವನು ಸುರಿಯುತ್ತಿದ್ದ ಟೀ ಲೋಟ ತುಂಬಿ ಮೇಜಿಗೆ ಹರಿಯಿತು. ಯಾರೋ ಹಿಂದಿನಿಂದ ಕೂಗಿದರು, "ಯಾರ್‍ರೀ ಆ ಅತ್ತೆ? ಬೇಗ ಕಳಿಸ್ರೀ, ಪಾಪ!"

ಜನ ಎರಡು ಭಾಗವಾಗಿ ದಾರಿ ಬಿಟ್ಟರು. ಆ ದಾರಿಯಲ್ಲಿ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕೊಡೆ ಹಿಡಿದು ಅತ್ತೆ ಬಂದರು.

ನಾನು ಕಣ್ಣು ಮುಚ್ಚಿ ಕಾದೆ. "ನಾನು ಹೇಳಿರಲಿಲ್ವಾ?" ಎನ್ನುತ್ತಾರೆ, ಈಗ ಎನ್ನುತ್ತಾರೆ.

ಅತ್ತೆ ದುಪಟ್ಟಾ ಸರಿಸಿದರು. ತಣ್ಣನೆಯ ಬೆರಳಿನಿಂದ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಗದ್ದ ಮರಗಟ್ಟಿದೆ ಅಂತ ತಾನೇ ಹೆದರಿದ್ದು? ಇಂಥ ಗದ್ದ ವಾರ್ಡಲ್ಲಿ ಎಷ್ಟು ನೋಡಿದೀನಿ. ಸ್ವಲ್ಪ ದಿನಕ್ಕೆ ಜುಮು ಜುಮು ಅನ್ನುತ್ತೆ, ಆಮೇಲೆ ನಿಧಾನಕ್ಕೆ ಜೀವ ಬರುತ್ತೆ. ಮೈಕು ಎಲ್ಲೂ ಓಡಿಹೋಗಲ್ಲ." ಮಗನ ಕಡೆ ತಿರುಗಿದರು. "ಊತದ ಮುಖ ಇಟ್ಕೊಂಡು ಇವಳನ್ನ ಬಸ್‌ಸ್ಟ್ಯಾಂಡಿಗೆ ಕರ್ಕೊಂಡು ಬಂದಿದೀಯಲ್ಲ, ಬುದ್ಧಿ ಇದೆಯೇನೋ?"

"ಚೀಟಿ ಕೊಟ್ಲಮ್ಮ."

"ಬಾವಿಗೆ ಬೀಳು ಅಂತ ಕೊಟ್ರೆ?"

ನಮ್ಮವರು ಯೋಚಿಸಿದರು. "ಬಿದ್ದ ಮೇಲೆ ಟಿಕ್ ಹಾಕೋಕೆ ಆಗಲ್ವಲ್ಲ."

ನನ್ನ ಹೊಟ್ಟೆಯಿಂದ ನಗು ಬುಗ್ಗೆಯ ಹಾಗೆ ಎದ್ದಿತು. ಅತ್ತೆ ತಟ್ಟನೆ ಗದ್ದದ ಕೆಳಗೆ ಅಂಗೈ ಒತ್ತಿ ಹಿಡಿದರು. "ಮೂಗಿನಲ್ಲಿ ನಗು. ಹಾಂ, ಮೂಗಿನಲ್ಲಿ." ಹಾಗೆ ನಿಲ್ದಾಣದ ನಟ್ಟನಡುವೆ, ಅತ್ತೆಯ ಅಂಗೈಯಲ್ಲಿ ದವಡೆ ಇಟ್ಟುಕೊಂಡು, ಮೂಗಿನಲ್ಲಿ ನಕ್ಕೆ. ಕಣ್ಣಿಂದ ಬಂದದ್ದು ಯಾವುದರ ನೀರೆಂದು ನಾನು ಡೈರಿಯಲ್ಲೂ ಬರೆದಿಲ್ಲ.

ನಾವು ಮೂರೇ ದಿನದಲ್ಲಿ ಕೆಡಿಸಿದ್ದನ್ನೆಲ್ಲ ಅತ್ತೆ ಸರಿಮಾಡಿದರು. ಕೆಳಗಿನ ಮನೆಯಿಂದ ಮಿಕ್ಸಿ ವಾಪಸ್ ತಂದರು. ಆ ಮನೆಯವರು ಅಷ್ಟರಲ್ಲಿ ಬೆಳ್ಳುಳ್ಳಿ ರುಬ್ಬಿ ಮುಗಿಸಿದ್ದರಿಂದ ನಾಲ್ಕು ದಿನ ನನ್ನ ಬಾಳೆಹಣ್ಣಿನ ರಸಕ್ಕೂ ಬೆಳ್ಳುಳ್ಳಿಯ ಘಮ. ಮೇಲಿನ ಮನೆಗೆ ಕ್ಷಮೆಯ ಚೀಟಿ ಕಳಿಸಿದೆ. ಉತ್ತರ ಬಂತು: "ಬೇಜಾರಿಲ್ಲ ತಂಗಿ, ಬೇಗ ಹುಷಾರಾಗು. ಆ ರಬ್ಬರ್ ಎಲ್ಲಿ ಸಿಗುತ್ತದೆಂದು ನನ್ನ ಹೆಂಡತಿ ಕೇಳುತ್ತಿದ್ದಾಳೆ." ಕೆನ್ನೆಯ ಬಟಾಣಿ ಪ್ಯಾಕೆಟ್ಟು ಕರಗುವ ಮೊದಲೇ ಬದಲಾಗುತ್ತಿತ್ತು. ಊತ ಇಳಿಯಿತು. ಸಕ್ಕರೆ ಡಬ್ಬಿ ಎಲ್ಲಿ ಹೋಯಿತೋ, ನಾನು ಕೇಳಲಿಲ್ಲ, ಕೇಳಲು ಬಾಯಿಯೂ ಇರಲಿಲ್ಲ.

ಏಳನೇ ದಿನ ಡಾಕ್ಟರು ರಬ್ಬರುಗಳನ್ನು ಒಂದೊಂದಾಗಿ ಬಿಡಿಸಿದರು. "ಒಂದೂ ಕಿತ್ತಿಲ್ಲ! ಭೇಷ್! ಮೆಲ್ಲಗೆ ಏನಾದರೂ ಮಾತಾಡಿ."

ಎಲ್ಲರೂ ನನ್ನ ತುಟಿ ನೋಡಿದರು. ಈ ಗಳಿಗೆಗಾಗಿ ಒಂದು ಭವ್ಯ ವಾಕ್ಯ ಸಿದ್ಧಮಾಡಿಟ್ಟಿದ್ದೆ. ಎದೆಯುಬ್ಬಿಸಿ, ಬೆರಳ ಸಂದಿಯಷ್ಟೇ ಬಾಯಿ ತೆರೆದು, ತೊದಲುತ್ತ ಹೇಳಿದೆ, "ಅತ್ತೆ, ಏಳು ದಿನ... ನಾನು ಬಾಯಿ ತೆರೆಯಲಿಲ್ಲ!"

"ಹೌದಮ್ಮ, ನಾನ್ಯಾಕೆ ಸುಳ್ಳು ಹೇಳ್ಲಿ, ನೀನು ಬಾಯಿ ತೆರೀಲೇ ಇಲ್ಲ," ಎಂದರು ಅತ್ತೆ. "ಇಡೀ ಬಸ್‌ಸ್ಟ್ಯಾಂಡ್ ಕೇಳಿಸ್ಕೊಂಡಿತು, ಅಷ್ಟೆ."

ಮರುದಿನ ಬೆಳಿಗ್ಗೆ ಅತ್ತೆ ಚೀಲ ತುಂಬಿಕೊಂಡು, ಕೊಡೆ ತೆಗೆದುಕೊಂಡು ಬಾಗಿಲಿಗೆ ಬಂದರು. ಗಿಣಿ ಅವರ ಸೆರಗು ಹಿಡಿದಿದ್ದಳು. ನಾನು ಒಂದು ಸಲ ಅಡುಗೆಮನೆಯ ಕಡೆ ನೋಡಿದೆ, ಅಪರಿಚಿತ ಡಬ್ಬಿಗಳ ಸಾಲು. ಮತ್ತೆ ಅತ್ತೆಯ ಕಡೆ ನೋಡಿದೆ. ಸ್ವಂತ ಬಾಯಿಂದ, ಯಾವ ಬಾತುಕೋಳಿಯ ನೆರವಿಲ್ಲದೆ, ಹೇಳಿಬಿಟ್ಟೆ:

"ಅತ್ತೆ... ಇನ್ನೊಂದು ವಾರ ಇದ್ದು ಹೋಗಿ."

ಅತ್ತೆ ಕೇಳಿಸದವರ ಹಾಗೆ ಚಪ್ಪಲಿ ಮೆಟ್ಟಿದರು. "ಬರೆದುಕೊಡು."

ಒಳಗೋಡಿ ನೋಟ್‌ಬುಕ್ಕು ತಂದೆ. ತೆರೆಯಲು ಹೋದವಳು ತಡವರಿಸಿದೆ. ಈ ಕಡೆಯೂ ಬಾತುಕೋಳಿ, ಆ ಕಡೆಯೂ ಬಾತುಕೋಳಿ. ನಮ್ಮವರು ಆಗಲೇ ಹಸಿರು ಪೆನ್ನಿನ ಮುಚ್ಚಳ ತೆಗೆದು ಪಕ್ಕದಲ್ಲಿ ನಿಂತಿದ್ದರು.

ಅತ್ತೆ ಚೀಲ ಕೆಳಗಿಟ್ಟರು.

"ಹಿಂದಿನ ಕಡೆಯಿಂದ ಬರಿಯಮ್ಮ. ಮುಂದಿನ ಕಡೆ ನೀನು ಬರೆಯೋದೆಲ್ಲ ಬರೀ ಜಂಭ."